ಅಟ್ಟದ ಮೇಲಿನ ಒಂದು ವರ್ಷ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯನ್ನು ಕಲ್ಪತರು ನಾಡೆಂದು ಕರೆಯುವುದು ವಾಡಿಕೆ. ತೆಂಗು ಕಲ್ಪವೃಕ್ಷವೆಂಬುದು ಲೋಕರೂಢಿಯ ಮಾತು. ಆದರೆ ಜೈನ ಪುರಾಣಗಳು ವರ್ಣಿಸುವ ಕಲ್ಪವೃಕ್ಷಗಳ ಸ್ವಭಾವವೇ ಬೇರೆ. ಭೋಗಭೂಮಿಯಲ್ಲಿ ಅವು ಹತ್ತು ಬಗೆಯವಾಗಿದ್ದವು. ಅನ್ನ, ವಸ್ತ್ರ, ಆಭರಣ, ಬೆಳಕು, ಮನೆ ಯಾವುದನ್ನು ಬಯಸಿದರೂ ಬಯಸಿದ ಕ್ಷಣದಲ್ಲಿಯೇ ಕೊಡುತ್ತಿದ್ದವು. ಅಲ್ಲಿ ಬಿತ್ತುವ, ನೀರೆರೆಯುವ, ಕಾಯುವ ಮಾತೇ ಇರಲಿಲ್ಲ. ಕಾಲಕ್ರಮದಲ್ಲಿ ಆ ಮರಗಳ ಶಕ್ತಿ ಕುಂದಿ ಜನರು ಕಂಗೆಟ್ಟಾಗ ಆದಿನಾಥ ಸ್ವಾಮಿಯವರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರು. ಕರ್ಮಭೂಮಿ ಆರಂಭವಾಯಿತು.

ಈ ಲೆಕ್ಕದಲ್ಲಿ ತೆಂಗು ಕರ್ಮಭೂಮಿಯ ಮರ. ಈ ಭಾಗದ ಹೆಸರನ್ನೇ ಹೊತ್ತ ತಿಪಟೂರು ಟಾಲ್ ತಳಿಯ ಸಸಿಯನ್ನು ನೆಟ್ಟವರು ಮೊದಲ ಹೊಂಬಾಳೆಯನ್ನು ಕಾಣಲು ಆರೇಳು ವರ್ಷ ಕಾಯಬೇಕು. ಇದನ್ನು ಕೊರತೆಯೆಂದು ಭಾವಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಬಯಸಿದ್ದು ಬಯಸಿದೊಡನೆ ದೊರೆಯುವ ಭೋಗಭೂಮಿಯಿಂದ ಯಾರಿಗೂ ಮೋಕ್ಷವಿಲ್ಲ. ಅಲ್ಲಿ ಸಂಯಮಕ್ಕೆ ಎಡೆಯೇ ಇಲ್ಲ. ವ್ರತ, ತಪಸ್ಸು, ಮುಕ್ತಿ ಇವೆಲ್ಲವೂ ಕಾಯಬೇಕಾಗಿ ಬರುವ ಈ ನೆಲದಲ್ಲಿಯೇ ಸಾಧ್ಯ.

ಡಿಸೆಂಬರ್ ಬಂತೆಂದರೆ ಇಲ್ಲಿನ ತೋಟಗಳಲ್ಲಿ ಗಡಿಬಿಡಿ ಕಡಿಮೆ. ಹಿಂಗಾರು ಮುಗಿದಿರುತ್ತದೆ, ರಾಗಿ ಕೊಯ್ಲಾಗಿರುತ್ತದೆ. ಬೇಸಿಗೆಗೆ ಮುನ್ನ ನೆಲದ ತೇವ ಆರದಿರಲೆಂದು ಮರದ ಬುಡದ ಪಾತಿಗೆ ಒಣಗಿದ ಸೋಗೆಯನ್ನೂ ಕಾಯಿಯ ಸಿಪ್ಪೆಯನ್ನೂ ಹೊದಿಸುತ್ತಾರೆ. ಆಗ ತಲೆಯೆತ್ತಿ ನೋಡಿದರೆ ಒಂದೇ ಮರದಲ್ಲಿ ಇಡೀ ವರ್ಷ ಕಾಣುತ್ತದೆ. ಮೇಲೆ ಬಿರಿಯುತ್ತಿರುವ ಹೊಂಬಾಳೆ, ಅದರ ಕೆಳಗೆ ಮಿಡಿ, ಎಳನೀರು, ಕೊನೆಗೆ ಬಲಿತ ಗೊನೆ. ಮರವು ವರ್ಷಕ್ಕೆ ಸುಮಾರು ಹನ್ನೆರಡು ಗರಿಗಳನ್ನು ಬಿಡುತ್ತದೆ. ಒಂದೊಂದು ಗರಿಯ ಕಂಕುಳಲ್ಲಿ ಒಂದೊಂದು ಗೊನೆ. ಹೂವು ಕಾಯಾಗಿ ಬಲಿಯಲು ಹನ್ನೆರಡು ತಿಂಗಳು ಬೇಕು.

ಇಷ್ಟೇ ಅಲ್ಲ. ಹೊಂಬಾಳೆಯು ಹೊರಬಂದು ಬಿರಿಯುವುದಕ್ಕೆ ಎರಡೂವರೆ ವರ್ಷಕ್ಕೂ ಮೊದಲೇ ಅದರ ಮೂಲರೂಪ ಸುಳಿಯ ಒಳಗೆ ಮೂಡಿರುತ್ತದೆ. ಆದ್ದರಿಂದ ಒಂದು ವರ್ಷ ಬರ ಬಿದ್ದರೆ ಅದರ ಪೂರ್ಣ ಪೆಟ್ಟು ಆ ವರ್ಷವೇ ಕಾಣುವುದಿಲ್ಲ. ಎರಡು ಮೂರು ವರ್ಷಗಳ ನಂತರವೂ ಕಾಯಿ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಒಳ್ಳೆಯ ಮಳೆಯಾಗಿ ರೈತನು ಆ ಬರವನ್ನು ಮರೆತಿರುತ್ತಾನೆ. ಈ ಸಲದ ಗೊಬ್ಬರವನ್ನೋ ನೆರೆಯವನ ದೃಷ್ಟಿಯನ್ನೋ ದೂರುತ್ತಾನೆ. ಕರ್ಮಸಿದ್ಧಾಂತದಲ್ಲಿ ಆಬಾಧಾಕಾಲವೆಂಬ ಮಾತಿದೆ. ಕಟ್ಟಿಕೊಂಡ ಕರ್ಮವು ಒಡನೆಯೇ ಫಲ ಕೊಡದೆ ಕೆಲಕಾಲ ಸುಮ್ಮನೆ ಆತ್ಮದೊಡನೆ ಇರುವ ಅವಧಿಯದು. ಉದಯಕ್ಕೆ ಬಂದಾಗ ಜೀವನು ಎದುರಿಗಿದ್ದವರನ್ನು ಕಾರಣವೆಂದು ತಿಳಿದು ಅವರ ಮೇಲೆ ಸಿಟ್ಟಾಗುತ್ತಾನೆ, ಆ ಸಿಟ್ಟಿನಿಂದ ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ದಶಧರ್ಮಗಳಲ್ಲಿ ಉತ್ತಮ ಕ್ಷಮೆಗೆ ಮೊದಲ ಸ್ಥಾನ ಏಕೆಂಬುದು ತೆಂಗಿನ ತೋಟದಲ್ಲಿ ಬೇಗ ಅರ್ಥವಾದೀತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮರ ಸಹಿಸುತ್ತದೆ ಎನ್ನುವಾಗ ಅದನ್ನು ಮುನಿಗೆ ಸಮನೆಂದು ಕೊಂಡಾಡುವುದು ಸರಿಯಲ್ಲ. ವನಸ್ಪತಿಯು ಏಕೇಂದ್ರಿಯ ಜೀವ. ಅದಕ್ಕೆ ಸ್ಪರ್ಶವುಂಟು, ಮನಸ್ಸಿಲ್ಲ. ಬಿಸಿಲಿಗೆ ಸರಿದು ನಿಲ್ಲಲಾರದು, ಕೊಡಲಿಗೆ ಓಡಲಾರದು. ಬೇರೆ ದಾರಿಯಿಲ್ಲದೆ ಸಹಿಸಿದಾಗ ಸವೆಯುವ ಕರ್ಮವನ್ನು ಅಕಾಮ ನಿರ್ಜರೆ ಎನ್ನುತ್ತಾರೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಹೇಳುವ ಇಪ್ಪತ್ತೆರಡು ಪರೀಷಹಗಳ ಜಯ ಅಂಥದ್ದಲ್ಲ. ಸಿಟ್ಟಾಗುವ ಶಕ್ತಿಯಿದ್ದೂ ಸಿಟ್ಟಾಗದಿರುವುದು, ಓಡುವ ಕಾಲಿದ್ದೂ ನಿಲ್ಲುವುದು ಅಲ್ಲಿಯ ಸಾಧನೆ. ಮರದಿಂದ ಕಲಿಯಬೇಕಾದವನು ಮನಸ್ಸುಳ್ಳ ಮನುಷ್ಯ.

ಆ ಮನಸ್ಸಿಗೆ ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಪರೀಕ್ಷೆ ಒಡ್ಡಿದ್ದು ಬಿಳಿನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡ ಸುರುಳಿಯಾಕಾರದ ಬಿಳಿನೊಣವು ಕರ್ನಾಟಕದ ತೋಟಗಳಿಗೂ ಹಬ್ಬಿತು. ಗರಿಗಳ ಮೇಲೆ ಕಪ್ಪು ಬೂಷ್ಟು ಹರಡುವುದನ್ನು ಕಂಡಾಗ ಕೈ ಮೊದಲು ಹೋಗುವುದು ವಿಷದ ಡಬ್ಬಿಗೆ. ಆದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆ ರಾಸಾಯನಿಕ ಸಿಂಪಡಿಸಬೇಡಿ ಎಂಬುದೇ ಆಗಿದೆ. ಎನ್ಕಾರ್ಸಿಯಾ ಎಂಬ ಸಣ್ಣ ಕಣಜವು ತೋಟದಲ್ಲಿ ತಾನಾಗಿಯೇ ಹೆಚ್ಚಿ ಬಿಳಿನೊಣವನ್ನು ಹತೋಟಿಗೆ ತರುತ್ತದೆ; ವಿಷ ಹೊಡೆದರೆ ಮೊದಲು ಸಾಯುವುದು ಆ ಕಣಜ. ಕಣಜವೂ ಹಿಂಸೆಯನ್ನೇ ಮಾಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಪ್ರಕೃತಿಯಲ್ಲಿ ಅದು ತಪ್ಪದು. ಶ್ರಾವಕನು ಬಿಡಬೇಕಾದದ್ದು ಕೊಲ್ಲಬೇಕೆಂಬ ಸಂಕಲ್ಪದ ಹಿಂಸೆಯನ್ನು. ಉಳುಮೆ, ನೀರಾವರಿಗಳಲ್ಲಿ ಆಗುವ ಉದ್ಯೋಗೀ ಹಿಂಸೆಯು ಗೃಹಸ್ಥನಿಗೆ ಪೂರ್ತಿ ತಪ್ಪದಿದ್ದರೂ ಅದನ್ನು ಯತ್ನಾಚಾರದಿಂದ ಕಡಿಮೆ ಮಾಡಬೇಕು. ಕಾಯಲು ಒಪ್ಪಿದ ರೈತನ ಕೈಯಿಂದ ಎಷ್ಟೋ ಜೀವಗಳು ಉಳಿದವು.

ಈ ಸೀಮೆಯ ತಾಳ್ಮೆ ಮರದಲ್ಲಿ ಮುಗಿಯುವುದಿಲ್ಲ, ಅಟ್ಟದಲ್ಲಿ ಮುಂದುವರಿಯುತ್ತದೆ. ಬೇರೆ ಕಡೆ ಹಸಿ ಕಾಯಿಯನ್ನು ಒಡೆದು ಬಿಸಿಲಿಗೋ ಬೆಂಕಿಗೋ ಇಟ್ಟು ಕೆಲವೇ ದಿನಗಳಲ್ಲಿ ಕೊಬ್ಬರಿ ಮಾಡುತ್ತಾರೆ. ತಿಪಟೂರಿನ ಉಂಡೆ ಕೊಬ್ಬರಿಯ ದಾರಿ ಬೇರೆ. ಬಲಿತ ಕಾಯಿಯನ್ನು ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ನೆರಳಿನಲ್ಲಿ ಇಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ ಕುಗ್ಗಿ, ಚಿಪ್ಪಿಗೆ ಅಂಟಿದ್ದುದು ತಾನಾಗಿ ಬಿಡುತ್ತದೆ. ಹಸಿ ಕಾಯಿಯ ಚಿಪ್ಪಿಗೆ ಪೆಟ್ಟು ಬಿದ್ದರೆ ತಿರುಳೂ ಒಡೆಯುತ್ತದೆ. ಗಿಟುಕಾದ ಮೇಲೆ ಚಿಪ್ಪು ಒಡೆದರೂ ಕೊಬ್ಬರಿ ಇಡಿಯಾಗಿ ಹೊರಬರುತ್ತದೆ. ದೇಹ ಬೇರೆ, ಆತ್ಮ ಬೇರೆ ಎಂದು ತಿಳಿಯುವ ಭೇದವಿಜ್ಞಾನವನ್ನು ವಿವರಿಸುವಾಗ ಪ್ರವಚನಕಾರರು ಒಣ ತೆಂಗಿನಕಾಯಿಯ ದೃಷ್ಟಾಂತ ಕೊಡುವುದುಂಟು. ಈ ಊರುಗಳಲ್ಲಿ ಆ ದೃಷ್ಟಾಂತ ಮನೆಮನೆಯ ಅಟ್ಟದಲ್ಲಿದೆ.

ಆದರೆ ಅಟ್ಟದ ಕಾಯುವಿಕೆಯೆಲ್ಲ ತಾಳ್ಮೆಯಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಯನ್ನು ದಾಟಿತು. ಮಕ್ಕಳ ಶುಲ್ಕಕ್ಕೋ ಆಸ್ಪತ್ರೆಗೋ ಅಗ್ಗಕ್ಕೆ ಮಾರಿದವರನ್ನು ತಾಳ್ಮೆಗೆಟ್ಟವರೆಂದು ಹಂಗಿಸುವುದು ಅನ್ಯಾಯ. ಅವರಿಗೆ ಕಾಯುವ ಅನುಕೂಲವಿರಲಿಲ್ಲ. ಇನ್ನು ಅನುಕೂಲವಿದ್ದು, ದಿನವೂ ದರ ಕೇಳುತ್ತ, ಏರದಿದ್ದರೆ ಕೊರಗುತ್ತ, ಏರಿದರೆ ಇನ್ನೂ ಏರಲೆಂದು ಹಾತೊರೆಯುತ್ತ ಕಾಯುವವರ ಸ್ಥಿತಿಯನ್ನು ಶಾಸ್ತ್ರವು ಆರ್ತಧ್ಯಾನದಲ್ಲಿ ಎಣಿಸುತ್ತದೆ. ಅಟ್ಟದಲ್ಲಿ ಕಾಯಿ ಒಣಗಿದರೂ ಇಂಥ ಮನಸ್ಸಿನಲ್ಲಿ ನೀರು ಇಂಗುವುದಿಲ್ಲ.

ಕಾಯಲು ಕಾಲವೊಂದೇ ಸಾಲದು ಎಂಬುದಕ್ಕೆ ಸಾಕ್ಷಿ ದೂರವಿಲ್ಲ. ಪಕ್ಕದ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರಲ್ಲಿ ಪ್ರತಿಷ್ಠಾಪಿಸಿದ 58 ಅಡಿಯ ಬಾಹುಬಲಿ ಸ್ವಾಮಿಯ ತೊಡೆ ತೋಳುಗಳನ್ನು ಬಳ್ಳಿ ಸುತ್ತಿದೆ. ಸ್ವಾಮಿಯು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರು. ಪಾದದ ಬಳಿ ಹುತ್ತ ಬೆಳೆಯಿತು. ಆದರೂ ತನ್ನಿಂದ ಅಣ್ಣ ಭರತನಿಗೆ ನೋವಾಯಿತೆಂಬ ಒಂದು ಎಳೆ ಒಳಗೆ ಉಳಿದಿತ್ತು. ಭರತನು ಬಂದು ಪೂಜಿಸಿದಾಗ ಅದೂ ನೀಗಿ ಕೇವಲಜ್ಞಾನ ಉದಿಸಿತೆಂದು ಪುರಾಣ ಹೇಳುತ್ತದೆ. ವರ್ಷವಿಡೀ ನಿಂತ ಆ ಮಹಾತ್ಮರಲ್ಲಿಯೂ ಅಷ್ಟು ತೇವ ಆರಬೇಕಾಗಿತ್ತು.

ವರ್ಷದ ಕೊನೆಯ ದಿನಗಳಲ್ಲಿ ಹಳೆಯ ಮನೆಗಳ ಹಿರಿಯರು ಅಟ್ಟ ಹತ್ತಿ ಕಾಯಿ ಆರಿಸುತ್ತಾರೆ. ಕೊಳೆತದ್ದನ್ನು, ಇಲಿ ಕೊರೆದದ್ದನ್ನು ಬೇರೆ ಮಾಡುತ್ತಾರೆ. ಉಳಿದವನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ಗಿಟುಕು ಗಡಗಡನೆ ಉರುಳಿದ್ದು ಕೇಳಿದರೆ ಆ ಕಾಯಿ ಕೆಳಗಿಳಿಯುತ್ತದೆ. ನೀರಿನ ಸದ್ದು ಕೇಳಿದರೆ ಏನೂ ಹೇಳದೆ ಅದನ್ನು ಇದ್ದ ಜಾಗದಲ್ಲಿಯೇ ಮತ್ತೆ ಇಡುತ್ತಾರೆ.