ಮಗುವಿಗೆ ಮಾತು ತಡವೇ? ಕಾಯುತ್ತಾ ಕೂರಬೇಡಿ

‘ಮನೆಯಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ನರ್ಸರಿಯಲ್ಲಿ ಇಂಗ್ಲಿಷ್. ಮಗುವಿಗೆ ಗೊಂದಲ, ಅದಕ್ಕೇ ಇನ್ನೂ ಮಾತು ಬಂದಿಲ್ಲ.’ ಮುಂಬಯಿಯ ನಮ್ಮ ಮನೆಗಳಲ್ಲಿ ಈ ಸಮಾಧಾನ ಕೇಳದವರಿಲ್ಲ. ಊರಿಂದ ಅಜ್ಜಿಯೂ ಫೋನಿನಲ್ಲಿ, ‘ಇವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅನ್ನುತ್ತಾರೆ. ಹೀಗೇ ಒಂದು ವರ್ಷ ಕಳೆದುಹೋಗುತ್ತದೆ. ಹಲವು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಮಾತೂ ನಿಲ್ಲುವುದಿಲ್ಲ.

ಗಮನಿಸಬೇಕಾದದ್ದು ಬೇರೆ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗುವುದಿಲ್ಲವೇ? ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲವೇ? ಎರಡು ವರ್ಷಕ್ಕೂ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸುವುದಿಲ್ಲವೇ? ಬಂದಿದ್ದ ಮಾತು ಹೋಯಿತೇ? ಇದೆಲ್ಲ ಆಟಿಸಂ ಎಂದೇ ಅಲ್ಲ, ಆದರೆ ವೈದ್ಯರಿಗೆ ತೋರಿಸಲೇಬೇಕು.

ಕೇಂದ್ರ ಸರ್ಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿತು. ಅದರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕು. ಆಟಿಸಂ ಆ ಪಟ್ಟಿಯಲ್ಲಿದೆ. ನಮ್ಮ ಎಷ್ಟೋ ಮಕ್ಕಳು ಹೋಗುವ ಖಾಸಗಿ ಪ್ಲೇಸ್ಕೂಲು ಮಾತ್ರ ಅದರ ವ್ಯಾಪ್ತಿಯಲ್ಲಿಲ್ಲ. ಹಾಗಾಗಿ ನಾವೇ ಹೋಗಬೇಕು.

ಎಲ್ಲಿಗೆ? ಬಾಂದ್ರಾ ರೆಕ್ಲಮೇಶನ್‌ನ ಅಲಿ ಯಾವರ್ ಜಂಗ್ ಸಂಸ್ಥೆ ಕೇಂದ್ರ ಸರ್ಕಾರದ್ದು. ಕಿವಿ ಕೇಳದಿದ್ದರೂ ಮಾತು ತಡವಾಗುತ್ತದೆ, ಆ ಪರೀಕ್ಷೆ ಮೊದಲು ಆಗಲಿ. 2021ರಿಂದ ಅಲ್ಲೇ ಪುಟ್ಟ ಮಕ್ಕಳ ಬೇರೆ ಬೇರೆ ಬೆಳವಣಿಗೆಯ ತೊಂದರೆಗಳನ್ನು ನೋಡುವ ಕೇಂದ್ರವೂ ಇದೆ. ಸಾಯನ್, ನಾಯರ್, ಕೆಇಎಂ ಆಸ್ಪತ್ರೆಗಳಲ್ಲಿ ಮಕ್ಕಳ ಓಪಿಡಿಗೆ ಕೇಸ್ ಪೇಪರ್ ಮಾಡಿಸಿಯೂ ಶುರು ಮಾಡಬಹುದು.

ಎಷ್ಟು ದಿನ ಕಾಯಬೇಕು? ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಮೂರು ತಿಂಗಳಿಗೊಮ್ಮೆ ಈ ಲೆಕ್ಕ ಪ್ರಕಟಿಸುತ್ತದೆ. 13 ವಾರದೊಳಗೆ ಮೊದಲ ಭೇಟಿ ಆಗಬೇಕೆಂಬ ಮಾತು ಅಲ್ಲೂ ಬಹುಪಾಲು ಜನರ ಪಾಲಿಗೆ ಸುಳ್ಳಾಗಿದೆ. ಅದು ತಿಳಿಯುವುದೂ ಲೆಕ್ಕ ಇರುವುದರಿಂದಲೇ. ನಮ್ಮಲ್ಲಿ 2016ರ ಕಾಯ್ದೆ ಆಟಿಸಂ ಅನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಪ್ರಮಾಣಪತ್ರ ಕೊಡಲು ಗಡುವೂ ಇದೆ (ಒಂದು ತಿಂಗಳಿದ್ದದ್ದು 2024ರಲ್ಲಿ ಮೂರಾಯಿತು!). ಆದರೆ ಆಟಿಸಂ ಹೌದೋ ಅಲ್ಲವೋ ಎಂದು ಹೇಳುವುದಕ್ಕೆ ಗಡುವಿಲ್ಲ.

ಆದ್ದರಿಂದ ಎರಡು ಕಡೆ ಹೆಸರು ಬರೆಸಿ. ರಿಪೋರ್ಟ್ ಬರಲೆಂದು ಸ್ಪೀಚ್ ಥೆರಪಿ ಮುಂದೂಡಬೇಡಿ. ಪರೀಕ್ಷೆ ಹಿಂದಿಯಲ್ಲೋ ಮರಾಠಿಯಲ್ಲೋ ನಡೆಯಬಹುದು; ಮಗು ಹೇಳುವ ಕನ್ನಡ, ತುಳು ಪದಗಳನ್ನು ಅರ್ಥದೊಂದಿಗೆ ಬರೆದುಕೊಂಡು ಹೋಗಿ. ಮನೆಯಲ್ಲಿ ಆಡುವ ಎರಡು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ. ‘ಕನ್ನಡ ಬಿಡಿ, ಒಂದೇ ಭಾಷೆ ಆಡಿ’ ಎಂದು ಯಾರಾದರೂ ಹೇಳಿದರೆ, ಬಿಡಬೇಕಾಗಿಲ್ಲ. ಅಜ್ಜಿಯೊಂದಿಗೆ ಮಗು ಆಡಬೇಕಾದ ಭಾಷೆ ಅದೇ ತಾನೇ?