‘ಕರ್ರ್’ ಸದ್ದಿನೊಳಗಿನ ವಿಳಾಸ

ಬಾಬ್ ಬ್ರುನಿಂಗಾ ಅಮೆರಿಕದ ನೌಕಾಪಡೆಯವರು. ಮುಂದೆ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಎಂಜಿನಿಯರ್. 1982ರಲ್ಲಿ ನೌಕಾಪಡೆಯ ಸ್ಥಾನ ವರದಿಗಳನ್ನು ನಕ್ಷೆಯ ಮೇಲೆ ತೋರಿಸಲು ಆಪಲ್-2 ಕಂಪ್ಯೂಟರಿಗೊಂದು ಪ್ರೋಗ್ರಾಂ ಬರೆದರು. ಎರಡು ವರ್ಷಗಳ ಬಳಿಕ ಅದರ ಮುಂದಿನ ರೂಪ ವಿಕ್-20 ಎಂಬ ಪುಟ್ಟ ಯಂತ್ರದಲ್ಲಿ ಕೂತು, 100 ಮೈಲಿಯ ಕುದುರೆ ಓಟದಲ್ಲಿ ಯಾವ ಕುದುರೆ ಎಲ್ಲಿದೆ ಎಂದು ಹೇಳಿತು. ಕುದುರೆಗೆ ಜಿಪಿಎಸ್ ಕಟ್ಟುವ ಕಾಲ ಅದಲ್ಲ.

1992ರಲ್ಲಿ ಅದನ್ನು ಎಪಿಆರ್‌ಎಸ್ (ಆಟೊಮ್ಯಾಟಿಕ್ ಪೊಸಿಷನ್ ರಿಪೋರ್ಟಿಂಗ್ ಸಿಸ್ಟಂ) ಎಂದು ಕರೆದು ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ ಮುಂದಿಟ್ಟರು. ಬ್ರುನಿಂಗಾ ಅವರ ಕರೆಸಂಕೇತ ಡಬ್ಲ್ಯುಬಿ4ಎಪಿಆರ್. ಹೆಸರು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಜಿಪಿಎಸ್ ಅಗ್ಗವಾಗುತ್ತಿದ್ದಂತೆ ಕಾರಿನ ರೇಡಿಯೊಗೆ ಅದನ್ನು ಜೋಡಿಸುವುದು ಹ್ಯಾಮ್‌ಗಳಿಗೊಂದು ಗೀಳಾಯಿತು.

ಕೇಳುವವರಿಗೆ ಆ ಪ್ರಸಾರ ಬರೀ ‘ಕರ್ರ್’. 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳು ಅದಲುಬದಲಾಗುತ್ತ ಸೆಕೆಂಡಿಗೆ 1200 ಬಿಟ್ ಸಾಗಿಸುತ್ತವೆ. ಕರೆಸಂಕೇತ, ಅದರ ಹಿಂದೆ ಕಾರಾದರೆ 9, ಕೈಸೆಟ್ಟಾದರೆ 7. ಆಮೇಲೆ ಅಕ್ಷಾಂಶ, ರೇಖಾಂಶ, ನಕ್ಷೆಯಲ್ಲಿ ಮೂಡಬೇಕಾದ ಚಿತ್ರ, ನಾಲ್ಕು ಮಾತು. ಇದೆಲ್ಲ ಸೇರಿ ಒಂದು ಪ್ಯಾಕೆಟ್, ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯಿತು. ಸ್ಥಾನದ ವರದಿ ಮುಟ್ಟಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಕಳೆದುಹೋದರೆ ಹೋಯಿತು, ಮುಂದಿನದು ಬರುತ್ತದೆ. ಅದಕ್ಕೂ ಮುಂಚಿನ ಪ್ಯಾಕೆಟ್ ರೇಡಿಯೊದಲ್ಲಿ ಇಬ್ಬರು ಪರಸ್ಪರ ಸಂಪರ್ಕ ಕಟ್ಟಿಕೊಂಡು, ಪ್ರತಿ ತುಣುಕಿಗೂ ‘ಸಿಕ್ಕಿತು’ ಎನಿಸಿಕೊಳ್ಳಬೇಕಿತ್ತು. ಆ ಕಟ್ಟುಪಾಡನ್ನು ಕೈಬಿಟ್ಟದ್ದೇ ಬ್ರುನಿಂಗಾ ಅವರ ದೊಡ್ಡ ಯೋಚನೆ ಎಂದು ನನಗನ್ನಿಸುತ್ತದೆ. ಒಬ್ಬ ಕಳಿಸಿದ್ದು ಸುತ್ತಲಿನ ಎಲ್ಲರಿಗೂ ಒಟ್ಟಿಗೇ ಸಿಗುವುದು ಅದರಿಂದಲೇ.

ಎತ್ತರದ ಜಾಗಗಳಲ್ಲಿ ಡಿಜಿಪೀಟರ್ ಎಂಬ ಠಾಣೆಗಳು ಕೇಳಿದ್ದನ್ನು ಮತ್ತೆ ಬಿತ್ತರಿಸಿದರೂ ಎಲ್ಲ ಆ ಸೀಮೆಯೊಳಗೇ ಉಳಿಯುತ್ತಿತ್ತು. 1990ರ ದಶಕದ ಕೊನೆಗೆ ಸ್ಟೀವ್ ಡಿಮ್ಸೆ ಅವರ ಸರ್ವರ್ ಅದನ್ನು ಅಂತರಜಾಲಕ್ಕೆ ಎಳೆದು ತಂದಿತು. ಆಕಾಶದ ಪ್ಯಾಕೆಟ್ಟನ್ನು ಹಿಡಿದು ಜಾಲಕ್ಕೆ ದಾಟಿಸುವ ಠಾಣೆಗೆ ಐಗೇಟ್ ಎಂದು ಹೆಸರು. ಒಂದೇ ಪ್ಯಾಕೆಟ್ ಹತ್ತು ಐಗೇಟ್‌ಗಳಿಗೆ ಸಿಕ್ಕೀತು. ಸರ್ವರ್ ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದವನ್ನು ಬಿಸಾಡುತ್ತದೆ.

ಜಾಲದಿಂದ ರೇಡಿಯೊಗೆ ಬರುವ ಮರುದಾರಿ ಅಷ್ಟು ಸಲೀಸಲ್ಲ. ಜಗತ್ತಿನ ಮಾತೆಲ್ಲ 1200 ಬಿಟ್‌ನ ಒಂದು ಚಾನೆಲ್ಲಿಗೆ ಸುರಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಐಗೇಟ್ ತಾನು ಈಚೆಗೆ ಕೇಳಿದ ಆಸುಪಾಸಿನವರಿಗೆ ಬಂದ ಸಂದೇಶಗಳನ್ನು ಮಾತ್ರ ಗಾಳಿಗೆ ಬಿಡಬೇಕು. ಲೈಸೆನ್ಸ್ ಇಲ್ಲದವರ ಮಾತು ಹ್ಯಾಮ್ ತರಂಗಕ್ಕೆ ಬೀಳದಿರಲೆಂದು ಪಾಸ್‌ಕೋಡ್ ಬೇರೆ ಇದೆ. ಅದು ಕರೆಸಂಕೇತದಿಂದಲೇ ಲೆಕ್ಕ ಹಾಕಿ ತೆಗೆಯುವ ಸಂಖ್ಯೆ, ಸೂತ್ರ ಗುಟ್ಟೇನಲ್ಲ. ಬೀಗವಲ್ಲ, ಚಿಲಕ.

ಜಾಲತಾಣದ ನಕ್ಷೆಗಳಲ್ಲಿ ಕಾರುಗಳು ಹರಿದಾಡತೊಡಗಿದಾಗ ಖುಷಿಪಡದವರಲ್ಲಿ ಬ್ರುನಿಂಗಾ ಅವರೇ ಒಬ್ಬರು. ಎಪಿಆರ್‌ಎಸ್ ಬರೀ ವಾಹನದ ಬೆನ್ನು ಹತ್ತುವ ಸಾಧನವಲ್ಲ. ಸುತ್ತಮುತ್ತ ಯಾರಿದ್ದಾರೆ, ಯಾವ ರಿಪೀಟರ್ ನಡೆಯುತ್ತಿದೆ, ಹವೆ ಹೇಗಿದೆ ಎಂಬುದನ್ನು ರೇಡಿಯೊ ಹಿಡಿದವನಿಗೇ ತಿಳಿಸಬೇಕು ಎಂದು ಅವರು ಕೊನೆಯವರೆಗೂ ವಾದಿಸಿದರು. ಹೆಸರಿನಲ್ಲಿದ್ದ ‘ಪೊಸಿಷನ್’ ತೆಗೆದು ‘ಪ್ಯಾಕೆಟ್’ ಹಾಕಿದ್ದೂ ಇದಕ್ಕೇ. 2022ರಲ್ಲಿ ಅವರು ತೀರಿಕೊಂಡರು.

ಅಷ್ಟರಲ್ಲಿ ಡಿಜಿಪೀಟರ್‌ಗಳು ಬೆಟ್ಟ ಬಿಟ್ಟು ಬಾಹ್ಯಾಕಾಶಕ್ಕೇ ಏರಿದ್ದವು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವುದು 145.825 ಮೆಗಾಹರ್ಟ್ಸ್‌ನದು. 2015ರ ಸೆಪ್ಟೆಂಬರಿನಲ್ಲಿ ಶ್ರೀಹರಿಕೋಟಾದಿಂದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಜತೆ ಮೇಲೇರಿದ ಇಂಡೊನೇಷ್ಯಾದ ಲಾಪಾನ್-ಎ2 ಉಪಗ್ರಹವೂ ಇಂಥದ್ದೊಂದನ್ನು ಹೊತ್ತೊಯ್ದಿತು. ಅದರ ಕಕ್ಷೆ ಭೂಮಧ್ಯರೇಖೆಗೆ ಅಂಟಿಕೊಂಡಂತಿರುವುದರಿಂದ ಅಮೆರಿಕದ ಬಹುಪಾಲು ಹ್ಯಾಮ್‌ಗಳಿಗೆ ಅದು ಕಾಣುವುದೇ ಇಲ್ಲ. ಬೆಂಗಳೂರಿನ ಆಕಾಶದಲ್ಲಿ ಮಾತ್ರ ದಿನಕ್ಕೆ ಹಲವು ಸಲ ಹಾದುಹೋಗುತ್ತದೆ.