ಬಹು ಎಳೆಗಳ ಪ್ರೋಗ್ರಾಮಿನಲ್ಲಿ ಸಾಕೆಟ್ಟುಗಳ ಉಪಸಂಹಾರ

ಗಣಕಯಂತ್ರದ ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ನಡೆಯುವ ಕಾರ್ಯಧಾರೆಗಳಿಗೆ ಥ್ರೆಡ್, ಅಂದರೆ ಎಳೆ, ಎಂದು ಹೆಸರು. ಸಂದೇಶಗಳು ಬಂದುಹೋಗುವ ದ್ವಾರಕ್ಕೆ ಸಾಕೆಟ್ಟೆನ್ನುವರು. 2007ರಲ್ಲಿ ಆರಂಭವಾದ ಝೀರೋಎಂಕ್ಯೂ ಎಂಬ ಸಂದೇಶವಾಹಕ ಲೈಬ್ರರಿಯಲ್ಲಿ ಸಾಕೆಟ್ಟುಗಳೆಲ್ಲವೂ ಕಾಂಟೆಕ್ಸ್ಟೆಂಬ ಅಧಿಷ್ಠಾನವನ್ನು ಆಶ್ರಯಿಸಿರುವವು. ಇವುಗಳನ್ನು ತೆರೆಯುವದು ಸುಲಭವು, ಮುಚ್ಚುವದರಲ್ಲಿಯೇ ತೊಡಕುಂಟು.

ಇದಕ್ಕೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲ ಸೀರೆಯು ತಕ್ಕ ದೃಷ್ಟಾಂತವು. ಅಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವರು. ಎಳೆಯೆಳೆಗೂ ಕೊಂಡಿಯು ಬೇರೆ. ಭೇದವಿಷ್ಟೇ: ನೇಕಾರನ ಕೈಯು ಎಲ್ಲ ಎಳೆಗಳನ್ನೂ ಮುಟ್ಟಬಲ್ಲದು, ಇಲ್ಲಿ ಒಂದು ಎಳೆಯ ಸಾಕೆಟ್ಟನ್ನು ಅದೇ ಕಾಲಕ್ಕೆ ಮತ್ತೊಂದು ಎಳೆಯು ಮುಟ್ಟಕೂಡದು. ಮುಟ್ಟಿದರೆ ಪ್ರೋಗ್ರಾಮು ನಡುವೆಯೇ ಕುಸಿಯಬಹುದು.

ಹೀಗಿರಲಾಗಿ, ಸಂದೇಶಕ್ಕಾಗಿ ಕಾದು ಕುಳಿತ ಎಳೆಯನ್ನು ಎಬ್ಬಿಸುವದೆಂತು? ಮುಖ್ಯ ಎಳೆಯು ಕಾಂಟೆಕ್ಸ್ಟಿನ ಸಮಾಪ್ತಿಗೆ ತೊಡಗಿದೊಡನೆ, ಕಾಯುತ್ತಿದ್ದ ಕರೆಗಳು ಈ-ಟರ್ಮ್ ಎಂಬ ದೋಷಸಂಜ್ಞೆಯೊಡನೆ ಹಿಂದಿರುಗುವವು. ಹೆಸರಿಗೆ ದೋಷವಾದರೂ ವಸ್ತುತಃ ಇದು ಸೂಚನೆಯು. ಆಗ ಪ್ರತಿಯೊಂದು ಎಳೆಯೂ ತನ್ನ ಸಾಕೆಟ್ಟನ್ನು ತಾನೇ ಮುಚ್ಚತಕ್ಕದ್ದು. ಒಂದಾದರೂ ತೆರೆದುಳಿದರೆ ಸಮಾಪ್ತಿಯ ಕರೆಯು ಹಿಂದಿರುಗದೆ ನಿಂತುಬಿಡುವದು. ಅದಕ್ಕಾಗಿ ಲೈಬ್ರರಿಯನ್ನು ಹಳಿಯುವದು ನ್ಯಾಯವಲ್ಲ. ಯಾರೂ ಹಿಂದುಳಿಯದಂತೆ ಕಾಯುವದೇ ಅದರ ಧರ್ಮ.

ಇನ್ನು, ಕಳುಹದೆ ಉಳಿದ ಸಂದೇಶಗಳ ವಿಚಾರ. ಲಿಂಗರ್ ಎಂಬ ನಿಯಮಕ್ಕೆ -1 ಎಂದು ಕೊಟ್ಟರೆ ಅವು ಸಾಗುವವರೆಗೂ, ಎಷ್ಟು ಕಾಲವಾದರೂ, ಕಾಯಬೇಕಾಗುವದು. 0 ಎಂದರೆ ಅವು ಕೂಡಲೇ ನಷ್ಟವಾಗುವವು. ಅವುಗಳಲ್ಲೊಂದು ಹಣಸಂದಾಯದ ವಾರ್ತೆಯಾಗಿದ್ದರೆ ಹಾನಿಯು ಅಲ್ಪವಲ್ಲ. ಆದಕಾರಣ ಯುಕ್ತವಾದ ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ, ಸಾಕೆಟ್ಟನ್ನು ಮುಚ್ಚುವ ಮೊದಲೇ, ಗೊತ್ತುಪಡಿಸತಕ್ಕದ್ದು.